ಬೆಳ್ಳೂರಿನ ಬಾಣಂತಿಯರು

ನಮ್ಮಪ್ಪ ಹುಟ್ಟಿದ್ದು ಜೂನ್ 1. ದೊಡ್ಡಪ್ಪ ಹುಟ್ಟಿದ್ದೂ ಜೂನ್ 1. ಇಬ್ಬರು ಸೋದರಮಾವಂದಿರು, ನಮ್ಮೂರಿನ ಅರ್ಧಕ್ಕರ್ಧ ಗಂಡಸರು, ಎಲ್ಲರೂ ಜೂನ್ ಒಂದರ ಗಿರಾಕಿಗಳೇ. ಶಾಲೆಗೆ ಸೇರಿಸೋಕೆ ಕರ್ಕೊಂಡು ಹೋದಾಗ ತಾರೀಕು ಗೊತ್ತಿರಲಿಲ್ಲ, ಮೇಷ್ಟ್ರು ಲೆಕ್ಕಕ್ಕೆ ಸರಿಹೋಗುವಂಥದ್ದು ಒಂದು ಬರೆದುಕೊಂಡರು. ಅದೇ ಮಾರ್ಕ್ಸ್ ಕಾರ್ಡಿಗೆ ಬಂತು, ಅಲ್ಲಿಂದ ಪ್ಯಾನ್ ಕಾರ್ಡಿಗೆ, ಅಲ್ಲಿಂದ ಆಧಾರಿಗೆ. ಈಗ ವರ್ಷಕ್ಕೊಮ್ಮೆ ಬ್ಯಾಂಕಿನ ಹ್ಯಾಪಿ ಬರ್ತ್‌ಡೇ ಮೆಸೇಜು ನಮ್ಮ ಮನೆಯ ಎರಡು ಮೂರು ಫೋನಿಗೆ ಒಂದೇ ಬೆಳಗ್ಗೆ ಬಂದು ಬೀಳುತ್ತೆ.

ಆದರೆ ಅಮ್ಮನ ಕಡೆಯವರ ವಿಷಯದಲ್ಲಿ ಇನ್ನೊಂದು ದಾಖಲೆ ಇತ್ತು. ಅದು ನಮ್ಮಜ್ಜಿಯ ತಲೆಯಲ್ಲಿತ್ತು. ಅಮ್ಮನ ತವರು ಕೊಕ್ಕರೆ ಬೆಳ್ಳೂರು. ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ದಾಟಿ, ಮದ್ದೂರು ಇನ್ನೂ ಬರುವ ಮೊದಲು ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಿದರೆ ಸುಮಾರು 12 ಕಿಲೋಮೀಟರ್. ನಿಮ್ಮಲ್ಲಿ ಕ್ಯಾಮೆರಾ ಇರುವವರು ಒಂದಲ್ಲ ಒಂದು ಭಾನುವಾರ ಹೋಗಿಯೇ ಇರ್ತೀರಿ. ನಾಗಮಂಗಲದ ಕಡೆಯ ಬೆಳ್ಳೂರು ಬೇರೆ, ಇದು ಬೇರೆ. ಇಲ್ಲಿ ಹೆಜ್ಜಾರ್ಲೆಗಳು, ಅಂದ್ರೆ ಪೆಲಿಕನ್‌ಗಳು, ಮತ್ತು ಬಣ್ಣದ ಕೊಕ್ಕರೆಗಳು ಕಾಡಿನಲ್ಲಲ್ಲ, ಕೆರೆಯ ನಡುಗಡ್ಡೆಯಲ್ಲಲ್ಲ, ಊರೊಳಗೆ, ಜನರ ಹಿತ್ತಲ ಹುಣಿಸೆಮರ, ಅರಳಿಮರ, ಅತ್ತಿಮರಗಳ ಮೇಲೆ ಗೂಡು ಕಟ್ಟುತ್ತವೆ. ಕಾರ್ತೀಕದ ಆಚೀಚೆ ಹೆಜ್ಜಾರ್ಲೆ ಬರುತ್ತವೆ, ಸಂಕ್ರಾಂತಿ ಹೊತ್ತಿಗೆ ಕೊಕ್ಕರೆಗಳ ಗೂಡಿನ ಕೆಲಸ ಜೋರಾಗುತ್ತೆ, ಮುಂಗಾರು ಕಾಲೂರುವುದರೊಳಗೆ ಮರಿ ಕರ್ಕೊಂಡು ಎಲ್ಲವೂ ಖಾಲಿ.

ಅಜ್ಜಿ ಮನೆಯ ಎಲ್ಲ ಘಟನೆಗಳನ್ನೂ ಈ ಲೆಕ್ಕದಲ್ಲೇ ಹೇಳೋಳು. ನಾನು ಹುಟ್ಟಿದ್ದು ಹೇಗೆ ಅಂದ್ರೆ, "ಕೊಕ್ಕರೆ ಮರಿಗೋಳು ಗೂಡಿನ್ ಮ್ಯಾಲೆ ನಿಂತ್ಕಂಡು ರೆಕ್ಕೆ ಬಡೀತಿದ್ವು ಕಣ್ ಮಗ, ಇನ್ನೂ ಹಾರಿರ್ನಿಲ್ಲ." ನನ್ನ ಜನನ ಪ್ರಮಾಣಪತ್ರದಲ್ಲಿರುವುದು 1988ರ ಏಪ್ರಿಲ್ 22. ಕೊಕ್ಕರೆ ಮರಿ ಆ ಕಸರತ್ತು ಮಾಡುವುದು ಸರಿಯಾಗಿ ಏಪ್ರಿಲ್‌ನಲ್ಲೇ. ಚಿಕ್ಕಮ್ಮನ ಮದುವೆ "ಹೆಜ್ಜಾರ್ಲೆ ಮೊಟ್ಟೆ ಇಕ್ಕೋ ಟೇಮು". ಅಜ್ಜ ತೀರಿಕೊಂಡಿದ್ದು "ಹಕ್ಕಿ ಇಲ್ದೇ ಮರ ಬಿಕೋ ಅನ್ನೋವಾಗ". ವರ್ಷ ಮಾತ್ರ ಅವಳ ಲೆಕ್ಕದಲ್ಲಿ ಇರುತ್ತಿರಲಿಲ್ಲ. ಟೈಮ್‌ಸ್ಟ್ಯಾಂಪಿನಲ್ಲಿ ತಿಂಗಳು, ದಿನ ಕರೆಕ್ಟಾಗಿದ್ದು ಇಸವಿ ಮಾತ್ರ ಖಾಲಿ ಇರುವ ಡೇಟಾ ಅಂದ್ಕೊಳ್ಳಿ. ಮೇಷ್ಟ್ರದು ಉಲ್ಟಾ: ಇಸವಿ ಹೆಚ್ಚುಕಮ್ಮಿ ಸರಿ, ಉಳಿದಿದ್ದು ಸುಳ್ಳು.

ಇನ್ನು ಊರಿನ ಚರಿತ್ರೆಗೆ ಬರೋಣ. ಇಂಟರ್ನೆಟ್ಟಿನಲ್ಲಿ ಕೊಕ್ಕರೆ ಬೆಳ್ಳೂರು ಅಂತ ಹುಡುಕಿದರೆ ಮೊದಲು ಸಿಗುವ ಹೆಸರು ಟಿ. ಸಿ. ಜರ್ಡನ್. ಮದ್ರಾಸ್ ಸೈನ್ಯದಲ್ಲಿ ವೈದ್ಯನಾಗಿದ್ದ ಈತ 1862ರಿಂದ 1864ರ ನಡುವೆ ಭಾರತದ ಹಕ್ಕಿಗಳ ಬಗ್ಗೆ ದೊಡ್ಡ ಗ್ರಂಥ ತಂದ. ಅದರಲ್ಲಿ, ಕರ್ನಾಟಿಕ್ ಸೀಮೆಯ ಒಂದು ಹಳ್ಳಿಯ ನಡುವೆ, ಅಷ್ಟೇನೂ ಎತ್ತರವಿಲ್ಲದ ಮರಗಳ ಮೇಲೆ ಪೆಲಿಕನ್‌ಗಳು ತಲೆತಲಾಂತರದಿಂದ ಗೂಡು ಕಟ್ಟುತ್ತಿರುವುದನ್ನು ನೋಡಿದೆ, ಮನುಷ್ಯರು ಪಕ್ಕದಲ್ಲೇ ಓಡಾಡಿದರೂ ಅವಕ್ಕೆ ಪರಿವೆಯಿಲ್ಲ ಅಂತ ಬರೆದಿದ್ದಾನೆ. ಹಳ್ಳಿಯ ಹೆಸರು ಬರೆದಿಲ್ಲ. ಅದು ನಮ್ಮ ಬೆಳ್ಳೂರೇ ಅಂತ ಪ್ರವಾಸಿ ಬ್ಲಾಗುಗಳೆಲ್ಲ ಖುಷಿಯಿಂದ ಬರೆದುಕೊಳ್ಳುತ್ತವೆ.

ನನಗೆ ಇದನ್ನು ಒಪ್ಪೋಕೆ ಕಷ್ಟ. ಆ ಕಾಲದ ಇಂಗ್ಲಿಷರ ಬಾಯಲ್ಲಿ 'ಕರ್ನಾಟಿಕ್' ಅಂದ್ರೆ ನಮ್ಮ ಕರ್ನಾಟಕ ಅಲ್ಲ. ಅದು ಆರ್ಕಾಟಿನ ನವಾಬನ ಸೀಮೆ, ಪೂರ್ವ ಕರಾವಳಿಯ ತಮಿಳು, ತೆಲುಗು ಬಯಲು. ನಮ್ಮದನ್ನು ಅವರು ಮೈಸೂರು ಅಂತಲೇ ಕರೀತಿದ್ದರು. ಜರ್ಡನ್ ನೆಲ್ಲೂರಿನಲ್ಲಿ ಕೆಲಸ ಮಾಡಿದವನು, 2022ರವರೆಗೂ ಆ ಜಿಲ್ಲೆಗೇ ಸೇರಿದ್ದ ನೇಲಪಟ್ಟುವಿನಲ್ಲಿ ಇವತ್ತಿಗೂ ಪೆಲಿಕನ್‌ಗಳು ಗೂಡು ಕಟ್ಟುತ್ತವೆ. ಮಾವನಿಗೆ ಇದನ್ನು ಹೇಳಿದಾಗ, "ನಮ್ಮೂರಿಗೆ ಬಂದಿದ್ದ ಅಂತ ಇದ್ರೆ ನಿಂಗೇನಪ್ಪಾ ಗಂಟು ಹೋಗ್ತದೆ?" ಅಂದರು. ಬೆಳ್ಳೂರಿನ ಹಕ್ಕಿಗಳು ಹಳೆಯವು ಅಂತ ಸಾಬೀತು ಮಾಡೋಕೆ ಬಿಳಿ ಡಾಕ್ಟರನ ಸಹಿ ಯಾಕೆ ಬೇಕು ಅನ್ನೋದು ನನ್ನ ತಕರಾರು, ಅಷ್ಟೇ.

ಊರಿನವರ ಪ್ರಕಾರ ಊರು ಮೊದಲು ಇದ್ದದ್ದು ಶಿಂಷಾ ನದಿಗೆ ಇನ್ನೂ ಹತ್ತಿರ. ಪ್ಲೇಗ್ ಬಂದಾಗ ಮನೆ ಬಿಟ್ಟು ಈಗಿನ ಜಾಗಕ್ಕೆ ಬಂದರು. ಪ್ಲೇಗು ಬೆಂಗಳೂರಿಗೆ ಕಾಲಿಟ್ಟದ್ದು 1898ರಲ್ಲಿ, ಆಮೇಲೆ ಎರಡು ಮೂರು ದಶಕ ಮೈಸೂರು ಸಂಸ್ಥಾನದ ಹಳ್ಳಿ ಹಳ್ಳಿಗಳನ್ನು ಖಾಲಿ ಮಾಡಿಸುತ್ತಲೇ ಇತ್ತು. ಜನ ಬಂದ ಮೇಲೆ ಹಕ್ಕಿಗಳೂ ಹಿಂದೆಯೇ ಹೊಸ ಊರಿಗೆ ಬಂದವು ಅನ್ನುತ್ತಾರೆ. ನನಗೆ ಈ ಕತೆ ಬರೀ ಭಕ್ತಿಯ ಮಾತು ಅನ್ನಿಸಲ್ಲ. ಜನ ಇರುವಲ್ಲಿ ಮರದ ಬುಡದಲ್ಲಿ ಯಾವಾಗಲೂ ಓಡಾಟ ಇರುತ್ತೆ, ಮೊಟ್ಟೆ ಕದಿಯೋ ಪ್ರಾಣಿ, ಮರಿ ಹೊತ್ತೊಯ್ಯೋ ದೊಡ್ಡ ಹದ್ದು ಹತ್ತಿರ ಬರೋಕೆ ಯೋಚನೆ ಮಾಡ್ತವೆ. ಜನಕ್ಕೂ ಲಾಭ ಇತ್ತು. ಮರದ ಸುತ್ತ ಗುಂಡಿ ತೋಡಿ, ಕೆರೆಗೋಡು ತುಂಬಿ, ಅದರ ಮೇಲೆ ಬಿದ್ದ ಹಿಕ್ಕೆಯನ್ನು ಗೊಬ್ಬರ ಮಾಡಿ ಹೊಲಕ್ಕೆ ಹಾಕೋರು. ಯೂರಿಯಾ ಮೂಟೆ ಬರುವ ಮೊದಲು ಇದು ಸಣ್ಣ ವಿಷಯ ಅಲ್ಲ.

ತಮಿಳುನಾಡಿನ ವೇಡಂತಾಂಗಲ್ಲಿನಲ್ಲೂ ಇದೇ ಲೆಕ್ಕ. ಹಕ್ಕಿಗಳ ಹಿಕ್ಕೆ ಬಿದ್ದ ಕೆರೆ ನೀರು ಗದ್ದೆಗೆ ಒಳ್ಳೇದು ಅಂತ ಅಲ್ಲಿಯ ರೈತರು ಹಕ್ಕಿ ಕಾಯುತ್ತಿದ್ದರು. ಬೇಟೆಗೆ ಬರುವವರ ಕಾಟ ತಡೆಯೋಕೆ 1798ರಲ್ಲಿ ಚೆಂಗಲ್ಪಟ್ಟಿನ ಕಲೆಕ್ಟರ್ ಲಯೊನೆಲ್ ಪ್ಲೇಸ್‌ನಿಂದ ಒಂದು ಕೌಲು ಪತ್ರವನ್ನೇ ಪಡೆದಿದ್ದರು. ಗಮನಿಸಿ, ಸಾಹೇಬ ಬಂದು ರೈತರಿಗೆ ಹಕ್ಕಿ ಕಾಯುವುದನ್ನು ಹೇಳಿಕೊಟ್ಟದ್ದಲ್ಲ, ರೈತರು ಸಾಹೇಬನಿಂದ ಬರೆಸಿಕೊಂಡದ್ದು.

ನಮ್ಮ ಸಂಸ್ಥಾನದಲ್ಲಿ ಸಲೀಂ ಅಲಿ ಹಕ್ಕಿಗಳ ಸಮೀಕ್ಷೆ ಮಾಡಿದ್ದು 1939-40ರಲ್ಲಿ. ಅವರ ಮಾತು ಕೇಳಿ ಮಹಾರಾಜರು ರಂಗನತಿಟ್ಟನ್ನು 1940ರಲ್ಲಿ ಪಕ್ಷಿಧಾಮ ಮಾಡಿದರು. ಬೆಳ್ಳೂರಿನ ಸರದಿ ಬಂದದ್ದು ಇನ್ನೂ 36 ವರ್ಷ ಆದ ಮೇಲೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ್ 1976ರಲ್ಲಿ ಇಲ್ಲಿಗೆ ಬಂದು ನೋಡಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. (ಎಂಬತ್ತರ ದಶಕದಲ್ಲಿ ಬೆಂಗಳೂರಿನ ರಸ್ತೆಗಳಿಗೆ ಲಕ್ಷಗಟ್ಟಲೆ ಮರ ನೆಡಿಸಿದ್ದು ಇವರೇ. ಆಫೀಸಿಗೆ ಹೋಗುವಾಗ ನಿಮ್ಮ ಬೈಕಿಗೆ ನೆರಳು ಬೀಳುತ್ತಿದ್ದರೆ ಒಂದು ಸಲ ನೆನೆಸಿಕೊಳ್ಳಿ.) ಆ ಲೇಖನವನ್ನು ಬೆಳ್ಳೂರಿನ ಡಿಸ್ಕವರಿ ಅಂತಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಮಾತು ಸುಮ್ಮನೆ ಹುಟ್ಟಿಲ್ಲ. ಆದರೂ ಈ ಡಿಸ್ಕವರಿಯನ್ನು ಅಣಕ ಮಾಡೋ ಮನಸ್ಸು ನನಗಿಲ್ಲ, ಯಾಕಂದ್ರೆ ಪೆಲಿಕನ್ನಿನ ಇನ್ನೊಂದು ಕತೆ ಓದಿದ್ದೀನಿ. ಬರ್ಮಾದ ಸಿಟ್ಟಾಂಗ್ ನದಿಯ ಬಯಲಿನಲ್ಲಿ, ಮನುಷ್ಯರಿಲ್ಲದ ಕಾಡಿನಲ್ಲಿ, ಲಕ್ಷಾಂತರ ಪೆಲಿಕನ್‌ಗಳು ಮೈಲುಗಟ್ಟಲೆ ಗೂಡು ಕಟ್ಟಿದ್ದನ್ನು 1877ರಲ್ಲಿ ಯೂಜೀನ್ ಓಟ್ಸ್ ನೋಡಿ ಬರೆದಿದ್ದ. 1940ರ ದಶಕದ ಹೊತ್ತಿಗೆ ಅಲ್ಲಿ ಒಂದೂ ಇರಲಿಲ್ಲ. ಕಾಡಿನ ಲಕ್ಷಗಳು ಹೋದವು, ಹಿತ್ತಲಿನ ನೂರಾರು ಉಳಿದವು.

ಯಾಕೆ ಉಳಿದವು ಅಂತ ಬೆಳ್ಳೂರಿನ ಯಾವ ಹೆಂಗಸನ್ನು ಕೇಳಿದರೂ ಒಂದೇ ಉತ್ತರ. ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಬಾಣಂತನ ಮುಗಿಸಿಕೊಂಡು ಹೋಗ್ತಾವೆ, ಅಲ್ಲಿವರೆಗೂ ಯಾರೂ ತೊಂದರೆ ಕೊಡಬಾರದು. ಪತ್ರಿಕೆಗಳಲ್ಲಿ ಈ ಮಾತು ಎಷ್ಟು ಸಲ ಬಂದಿದೆ ಅಂದ್ರೆ ಓದಿ ಓದಿ ಸವೆದು ಹೋಗಿದೆ. ನನಗೆ ಮಾತ್ರ ಇದು ಹೋಲಿಕೆ ಅಲ್ಲ. ಅಮ್ಮ ನನ್ನನ್ನು ಹೊತ್ತು ಏಳನೇ ತಿಂಗಳಿಗೆ ಅದೇ ಊರಿಗೆ, ಅದೇ ಹಿತ್ತಲಿನ ಮನೆಗೆ ಬಂದಿದ್ದಳು. ಬಾಣಂತಿಯ ನೀರು ಕಾಯಿಸುತ್ತಿದ್ದ ಬಚ್ಚಲ ಒಲೆ ಹುಣಿಸೆಮರದ ಬುಡದಿಂದ ಹತ್ತು ಹೆಜ್ಜೆ. ಒಂದೇ ಒಂದು ಕಡೆ ಅಜ್ಜಿಯ ಲೆಕ್ಕ ತಪ್ಪುತ್ತೆ: ಹೆಜ್ಜಾರ್ಲೆ, ಕೊಕ್ಕರೆ ಎರಡರಲ್ಲೂ ಗಂಡು ಹೆಣ್ಣು ಪಾಳಿ ಮೇಲೆ ಕಾವು ಕೂರುತ್ತವೆ. ಅಂದ್ರೆ ಅಳಿಯಂದಿರೂ ರಜೆ ಹಾಕಿ ಜೊತೆಗೇ ಬಂದಿರುತ್ತಾರೆ. ಮಗಳು ಹುಟ್ಟಿದಾಗ ನನಗೆ ಸಿಕ್ಕಿದ್ದು ಹತ್ತು ದಿನ.

ನಾವು ಮೊಮ್ಮಕ್ಕಳು ನೋಡುತ್ತಿದ್ದದ್ದು ಬೇಸಿಗೆಯ ಕೊನೆ ಮಾತ್ರ. ಏಪ್ರಿಲ್ 10ಕ್ಕೆ ರಿಸಲ್ಟು, ಹನ್ನೊಂದಕ್ಕೆ ಬಸ್ಸು. ಆ ಹೊತ್ತಿಗೆ ಮರಿಗಳು ತಾಯಿಯಷ್ಟೇ ಎತ್ತರ ಬೆಳೆದು ಗೂಡಿನಲ್ಲಿ ಜಾಗ ಸಾಲದೆ ಒದ್ದಾಡುತ್ತಿರುತ್ತವೆ. ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ ಕೊಕ್ಕರೆ ತಾಯಿ ಸೂರ್ಯನಿಗೆ ಬೆನ್ನು ಹಾಕಿ, ಎರಡೂ ರೆಕ್ಕೆ ಅಗಲಿಸಿ, ಮರಿಗಳಿಗೆ ನೆರಳು ಮಾಡಿಕೊಂಡು ಗಂಟೆಗಟ್ಟಲೆ ನಿಲ್ಲುತ್ತೆ. ಹೆಜ್ಜಾರ್ಲೆ ಗಂಟಲ ಚೀಲವನ್ನು ಪಟಪಟ ಅದುರಿಸಿಕೊಂಡು ಮೈ ತಂಪು ಮಾಡಿಕೊಳ್ಳುತ್ತೆ. ತಾಯಿ ಮೀನು ತಂದಳು ಅಂದ್ರೆ ಮರಿಗಳ ಗಲಾಟೆ ಮೂರು ಬೀದಿಗೆ ಕೇಳ್ಸುತ್ತೆ. ನಾವು ಚಾಪೆ ಹಾಕ್ಕೊಂಡು ಅಂಗಾತ ಮಲಗಿ ನೋಡ್ತಿದ್ವಿ, ಸ್ವಲ್ಪ ಹುಷಾರಾಗಿ, ಯಾಕಂದ್ರೆ ಮೇಲಿಂದ ಏನು ಬೇಕಾದ್ರೂ ಬೀಳಬಹುದು. ಭರಣಿ ಮಳೆಯ ಗಾಳಿಗೆ ಒಂದೆರಡು ಮರಿ ಬಿದ್ದೇ ಬೀಳ್ತಿದ್ವು. ಬಿದ್ದ ಮರಿಯನ್ನು ತಾಯಿ ನೆಲಕ್ಕಿಳಿದು ಸಾಕಲ್ಲ. ಮುಂದೆ 1994ರಿಂದ ಮೈಸೂರಿನ ಹವ್ಯಾಸಿ ನಿಸರ್ಗಾಸಕ್ತರು ಊರಿಗೆ ಬಂದು ಕೆಲಸ ಶುರು ಮಾಡಿದರು, ಊರ ಹುಡುಗರದ್ದೇ ಹೆಜ್ಜಾರ್ಲೆ ಬಳಗ ಆಯ್ತು, ಅಂಥ ಮರಿಗಳಿಗೆ ಬಲೆಯ ಮನೆ ಮಾಡಿ ಮೀನು ಹಾಕಿ ಬದುಕಿಸತೊಡಗಿದರು. ಕೃತ್ತಿಕೆ ಮುಗಿದು ರೋಹಿಣಿ ಹತ್ತಿರ ಬಂದಾಗ ಗೂಡುಗಳು ಒಂದೊಂದಾಗಿ ಖಾಲಿ. ನಮಗೂ ಶಾಲೆ. ಹದಿನೈದು ವರ್ಷ ನಾನು ಬರೀ ಕ್ಲೈಮ್ಯಾಕ್ಸ್ ನೋಡಿ ಮನೆಗೆ ಹೋದವನು.

ಈಗ ಇದರ ಇನ್ನೊಂದು ಮುಖ. ವೀಕೆಂಡಿಗೆ ಹೋಗಿ ಬರುವವರಿಗೆ ಕಾಣದ್ದು. ಒಂದು ಮರದಲ್ಲಿ ಹತ್ತಿಪ್ಪತ್ತು ಗೂಡು ಅಂದ್ರೆ ಮೇ ತಿಂಗಳಲ್ಲಿ ಆ ಹಿತ್ತಲಿನ ವಾಸನೆ ಹೇಗಿರುತ್ತೆ ಅಂತ ಫೋಟೋದಲ್ಲಿ ಗೊತ್ತಾಗಲ್ಲ. ಅರ್ಧ ನುಂಗಿದ ಮೀನು ಹಂಚಿನ ಮೇಲೆ ಬಿದ್ದು ಕೊಳೆಯುತ್ತೆ. ಒಗೆದ ಬಟ್ಟೆ ಹೊರಗೆ ಹಾಕೋ ಹಾಗಿಲ್ಲ. ಶೀಟಿನ ಮನೆಯಾದರೆ ಹಿಕ್ಕೆಗೆ ಶೀಟು ತುಕ್ಕು ಹಿಡಿಯುತ್ತೆ. ಎಲ್ಲಕ್ಕಿಂತ ಮುಖ್ಯ, ಹುಣಿಸೆಹಣ್ಣು ಬಡಿಯೋ ಕಾಲ ಶಿವರಾತ್ರಿಯ ಆಚೀಚೆ, ಗೂಡಿನಲ್ಲಿ ಮರಿ ಇರೋದೂ ಆಗಲೇ. ಮರ ಬಡಿಯೋ ಹಾಗಿಲ್ಲ. ಒಂದು ದೊಡ್ಡ ಮರದ ಹಣ್ಣು ಸಣ್ಣ ರೈತನಿಗೆ ಮಕ್ಕಳ ಫೀಸು. ಅದಕ್ಕೇ ಮರಗಳಿಗೆ ವರ್ಷಕ್ಕಿಷ್ಟು ಅಂತ ಸರ್ಕಾರದ ಪರಿಹಾರ ಬಂತು. ಕೈತಪ್ಪಿದ ಹಣ್ಣಿನ ಬೆಲೆ ಒಂದು ಕಡೆ, ಪರಿಹಾರ ಇನ್ನೊಂದು ಕಡೆ ಇಟ್ಟು ಬೆರಳೆಣಿಸೋದು ನಮ್ಮ ಹಿರಿಮಾವನ ಪ್ರತಿ ಬೇಸಿಗೆಯ ಕೆಲಸ.

2014ರಲ್ಲಿ ಮನೆ ಪಾಲಾಯ್ತು. ಹಿರಿಮಾವನ ಮಗನಿಗೆ ಹೆಣ್ಣು ಗೊತ್ತಾಗಿತ್ತು, ಹೆಣ್ಣಿನ ಕಡೆಯವರು ಮನೆ ನೋಡೋಕೆ ಬಂದವರು ಹಿತ್ತಲ ಬಾಗಿಲಲ್ಲಿ ಮೂಗು ಮುಚ್ಚಿಕೊಂಡಿದ್ದರು. ಮಾವ ಹುಣಿಸೆಮರ ತೆಗೆಸಿ ಆ ಜಾಗಕ್ಕೂ ಸೇರಿಸಿ ಆರ್‌ಸಿಸಿ ಮನೆ ಎತ್ತಬೇಕು ಅಂತ ಕೂತರು. ಮಾವನನ್ನು ವಿಲನ್ ಮಾಡಬೇಡಿ. ನಲವತ್ತು ವರ್ಷ ಆ ವಾಸನೆಯಲ್ಲಿ ಬದುಕಿದವರು ಅವರು, ಬೆಂಗಳೂರಿನಲ್ಲಿ ಎಂಟನೇ ಮಹಡಿಯ ಬಾಲ್ಕನಿಗೆ ಪಾರಿವಾಳದ ಬಲೆ ಹಾಕಿಸಿರುವ ನಾನಲ್ಲ. ಊರು 2007ರಲ್ಲೇ ಸಮುದಾಯ ಮೀಸಲು ಪ್ರದೇಶ ಆಗಿತ್ತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಹುಟ್ಟಿದ ವರ್ಗ ಅದು, ಜನರ ಸ್ವಂತ ಜಮೀನನ್ನು ಕಿತ್ತುಕೊಳ್ಳದೆ ಅವರ ಒಪ್ಪಿಗೆಯ ಮೇಲೆ ನಡೆಯೋದು. ಆದರೆ ಮನೆಯೊಳಗಿನ ಪಂಚಾಯ್ತಿಗೆ ಕಾಯ್ದೆ ಯಾರು ತರ್ತಾರೆ? ಮಾತು ನಡೆದದ್ದು ಜಗಲಿ ಮೇಲೆ, ಅದೂ ಮೇ ತಿಂಗಳಲ್ಲಿ, ಮೇಲೆ ಮರಿಗಳು ಕಿರುಚುತ್ತಿರುವಾಗಲೇ.

ಪಾಲುಪಾರೀಕತ್ತು ಬರೆಯುವ ಹೊತ್ತಿಗೆ ಹೆಣ್ಣುಮಕ್ಕಳ ಸಹಿ ಬೇಕಾಯ್ತು. 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಕಾನೂನಿನಲ್ಲಿ. ನಮ್ಮ ಕಡೆ ನಡೆಯೋದು ಬೇರೆ: ಅರಿಶಿನ ಕುಂಕುಮ, ಒಂದು ಸೀರೆ, ಬಾಯಿ ತುಂಬ ಊಟ, "ಇಲ್ಲೊಂದು ಸೈನ್ ಹಾಕಮ್ಮ." ಹಕ್ಕು ಬಿಟ್ಟುಕೊಟ್ಟರೆ ತವರು ಉಳಿಯುತ್ತೆ, ಕೇಳಿದರೆ ತವರು ಹೋಗುತ್ತೆ. ಹಕ್ಕಿಗೆ ತವರು ಕೊಟ್ಟ ಊರು ಅಂತ ಹೆಸರಾದ ಬೆಳ್ಳೂರೂ ಇದಕ್ಕೆ ಹೊರತಲ್ಲ. ನನಗೆ ಸಿಟ್ಟಿತ್ತು, ಅಮ್ಮನಿಗೆ ಫೋನಿನಲ್ಲಿ ಕಾನೂನು ಓದಿ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ಆಯ್ತು ಇಡು" ಅಂದಳು.

ಚಿಕ್ಕಮ್ಮ ಸಹಿ ಹಾಕಿ ಆಗಿತ್ತು. ಅಮ್ಮ ಪೆನ್ನು ಕೈಗೆ ತಗೊಂಡು, ಪತ್ರ ಬರೆಯುವವರ ಕಡೆ ನೋಡಿ, "ಹುಣಿಸೆಮರ ಕಡಿಯೋ ಹಂಗಿಲ್ಲ ಅಂತ ಇದ್ರಲ್ಲಿ ಒಂದು ಸಾಲು ಬರೀರಿ, ಆಮೇಲೆ ಹಾಕ್ತೀನಿ" ಅಂದಳಂತೆ. ಅದೆಲ್ಲ ಇದರಲ್ಲಿ ಬರೆಯೋಕೆ ಬರಲ್ಲಮ್ಮ ಅಂದರು ಅವರು. "ಹಂಗಾದ್ರೆ ನನ್ ಪಾಲು ಬರೀರಿ" ಅಂದಳು. ಜಗಲಿಯ ಮೇಲೆ ಯಾರೂ ಉಸಿರೆತ್ತಲಿಲ್ಲವಂತೆ. ಅಜ್ಜಿ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿ, "ಬರ್ಕೊಳಪ್ಪ, ಅವಳ್ ಕೇಳ್ತಿರೋದು ಮರ ಅಲ್ವಾ, ಮನೆ ಅಲ್ವಲ್ಲ" ಅಂದದ್ದು ಕೊನೆಯ ಮಾತು. ಪತ್ರದಲ್ಲಿ ಈಗಲೂ ಇದೆ, ನೋಡಿದ್ದೀನಿ: ಹಿತ್ತಲ ಹುಣಿಸೆಮರ ಒಂದು, ಇಬ್ಬರಿಗೂ ಸಮಭಾಗ, ತಾನಾಗಿ ಬೀಳುವ ತನಕ ಕಡಿಯತಕ್ಕದ್ದಲ್ಲ. ಕಿರಿಮಾವ ಮರದ ಕಡೆಯ ಭಾಗ ಒಪ್ಪಿಕೊಂಡರು. ಹಿರಿಮಾವ ಬೀದಿ ಕಡೆ ಮನೆ ಕಟ್ಟಿದರು, ಹಿತ್ತಲ ಕಡೆ ಒಂದೂ ಕಿಟಕಿ ಇಡದೆ.

2017ರ ಕೊನೆಗೆ ಹೆಜ್ಜಾರ್ಲೆಗಳು ಮರದಿಂದ ಬಿದ್ದು ಸಾಯತೊಡಗಿದವು. 2018ರಲ್ಲೂ ಮುಂದುವರೀತು. ಹೊಟ್ಟೆಯಲ್ಲಿ ಪರಾವಲಂಬಿ ಹುಳು ಅಂತ ಗೊತ್ತಾಯ್ತು, ಮೀನಿನ ಮೂಲಕ ಬರುವಂಥದ್ದು. ಕೆರೆಗಳ ನೀರು ಕೆಟ್ಟರೆ, ಕಮ್ಮಿಯಾದರೆ ಊರೊಳಗಿನ ಮರ ಎಷ್ಟು ಉಳಿಸಿ ಏನು ಅಂತ ಆ ವರ್ಷ ಊರಿನವರೇ ಮಾತಾಡಿಕೊಂಡರು. ಹಕ್ಕಿ ಮಲಗೋದು ಹಿತ್ತಲಲ್ಲಿ, ಉಣ್ಣೋದು ತೈಲೂರು ಕೆರೆ, ಮದ್ದೂರು ಕೆರೆ, ಶಿಂಷಾ ಹೊಳೆಯಲ್ಲಿ. ಹೊಳೆಯ ಮರಳು ಹೋದ ಕತೆ ಮಂಡ್ಯದವರಿಗೆ ನಾನು ಹೇಳಬೇಕಿಲ್ಲ.

ಮಗಳು ಹುಟ್ಟಿದ್ದು 2019ರಲ್ಲಿ, ಬೆಂಗಳೂರಿನ ಆಸ್ಪತ್ರೆಯಲ್ಲಿ. ಮರುವರ್ಷ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ನಾವು ಮೂವರೂ ಬೆಳ್ಳೂರಿನಲ್ಲಿದ್ದೆವು, ಅಲ್ಲೇ ಉಳಿದುಬಿಟ್ಟೆವು. ನೆಟ್‌ವರ್ಕ್ ಸಿಗ್ತಿದ್ದದ್ದು ಕಿರಿಮಾವನ ತಾರಸಿಯ ಒಂದು ಮೂಲೆಯಲ್ಲಿ ಮಾತ್ರ. ಸ್ಟ್ಯಾಂಡಪ್ ಕಾಲಿನಲ್ಲಿ ಮರಿಗಳ ಸದ್ದು ಕೇಳಿ ಮ್ಯಾನೇಜರು "ಯುವರ್ ಬೇಬಿ?" ಅಂತ ಕೇಳಿದ್ದರು. ಮಗಳು ಹೆಜ್ಜೆ ಇಟ್ಟದ್ದು ಆ ಮೇನಲ್ಲಿ, ಅದೇ ಹಿತ್ತಲಲ್ಲಿ. ಅಜ್ಜಿ ಅದಕ್ಕೂ ಲೆಕ್ಕ ಇಟ್ಟುಕೊಂಡಳು: "ಕೊನೇ ಗೂಡಿನ್ ಮರಿ ಹಾರಿದ್ ಮಾರ್ನೆ ದಿನ." ಅಕ್ಟೋಬರ್ ಕೊನೆಯವರೆಗೂ ಆಫೀಸು ಕರೆಯಲಿಲ್ಲ. ಹಾಗಾಗಿ 32ನೇ ವಯಸ್ಸಿನಲ್ಲಿ ಮೊದಲ ಸಲ ನಾನು ಹಕ್ಕಿ ಬರೋದನ್ನು ನೋಡಿದೆ. ಎರಡು ಹೆಜ್ಜಾರ್ಲೆ, ಸಂಜೆ ಐದರ ಹೊತ್ತಿಗೆ, ಊರ ಮೇಲೆ ಮೂರು ಸುತ್ತು ಹಾಕಿ, ಇಳಿಯದೆ ಹೊರಟುಹೋದವು. "ನೋಡ್ಕಂಡ್ ಓಗಕ್ ಬಂದವೆ, ನಾಳಿದ್ದು ಬತ್ತವೆ" ಅಂದಳು ಅಜ್ಜಿ. ಮೂರನೇ ದಿನಕ್ಕೆ ಹನ್ನೊಂದು ಬಂದವು.

ಮುಂದಿನ ಮೇ ತಿಂಗಳಲ್ಲಿ ಅಜ್ಜಿ ಹೋದಳು. ಕೋವಿಡ್ ಅಲ್ಲ, ವಯಸ್ಸು. ಆದರೂ ಕಾಲ ಅಂಥದ್ದು, ಮಣ್ಣಿಗೆ ಹೋದವರು ಹತ್ತು ಜನ ಮಾತ್ರ. ಮೇಲೆ ತಡವಾಗಿ ಕಟ್ಟಿದ ಎರಡು ಗೂಡುಗಳಲ್ಲಿ ಮರಿ ಇನ್ನೂ ಇದ್ದವು. ತಾರೀಕು ನನ್ನ ಹತ್ತಿರ ಇದೆ. ಅಮ್ಮ ಮಾತ್ರ ಯಾರಾದರೂ ಕೇಳಿದರೆ, ಎರಡು ಗೂಡು ಉಳಿದಿದ್ವು ಅಂತಲೇ ಹೇಳೋದು.

2022ರ ಆಗಸ್ಟಿನ ಮಳೆ ನಿಮಗೆ ನೆನಪಿರಬೇಕು, ರಾಮನಗರದ ಹತ್ತಿರ ಹೈವೇ ಮುಳುಗಿತ್ತಲ್ಲ. ಆ ಮಳೆಗೆ ಹುಣಿಸೆಮರದ ಒಂದು ದೊಡ್ಡ ಕೊಂಬೆ ಮುರಿದು ಬಿತ್ತು. ಹಿರಿಮಾವ ಅದನ್ನು ಸೌದೆಗೆ ಮಾರಿ, ಬಂದ ದುಡ್ಡನ್ನು ಎರಡಲ್ಲ, ಮೂರು ಭಾಗ ಮಾಡಿ, ಒಂದು ಭಾಗ ಅಮ್ಮನಿಗೆ ಫೋನ್‌ಪೇ ಮಾಡಿದರು. ಅಮ್ಮನಿಗೆ ಮೆಸೇಜ್ ಓದಿ ಹೇಳಿದ್ದು ನಾನೇ. ದುಡ್ಡು ಎಷ್ಟು ಅಂತ ಅವಳು ಕೇಳಲಿಲ್ಲ. ಯಾವ ಕಡೆ ಕೊಂಬೆ ಅಂದಳು. ಬಚ್ಚಲ ಕಡೇದು ಅಂದೆ.

"ಅದ್ರಲ್ಲಿ ಆರು ಗೂಡು ಆಗ್ತಿದ್ವು" ಅಂದಳು. ಆಮೇಲೆ ಮಾವನಿಗೆ ಫೋನ್ ಮಾಡಿಕೊಡು ಅಂದಳು.